ಕ್ಲಾಸ್ ಲೀಡರ್ ಆಗಿದ್ದೂ ಗೆಳೆಯರನ್ನು ಉಳಿಸಿಕೊಂಡ ಕಥೆ

ಹೈಸ್ಕೂಲಿನಲ್ಲಿ ಎಲ್ಲರ ಜೊತೆ ಹೊಂದಿಕೊಂಡು ಹೋಗುವುದು ಹೇಗೆ ಅಂತ ಕೇಳಿದರೆ ದೊಡ್ಡವರು ಗುಣದ ಬಗ್ಗೆ ಹೇಳುತ್ತಾರೆ. ತಾಳ್ಮೆ ಇರಬೇಕು, ಒಳ್ಳೆ ಮನಸ್ಸಿರಬೇಕು, ಎಲ್ಲರೂ ಅಣ್ಣ ತಮ್ಮಂದಿರ ಹಾಗೆ ಇರಬೇಕು. ನಾನು ಎಂಟರಿಂದ ಹತ್ತನೇ ಕ್ಲಾಸಿನವರೆಗೆ ಕ್ಲಾಸ್ ಲೀಡರ್ ಆಗಿದ್ದವಳು. ನನ್ನ ಕಣ್ಣಿಗೆ ಬಿದ್ದ ಜಗಳಗಳಲ್ಲಿ ಮುಕ್ಕಾಲು ಪಾಲು ಗುಣಕ್ಕೆ ಸಂಬಂಧಪಟ್ಟವೇ ಅಲ್ಲ. ಯಾರು ಎಲ್ಲಿ ಕೂರಬೇಕು, ಕಸ ಯಾರು ಗುಡಿಸಬೇಕು, ನೋಟ್ಸ್ ಮೊದಲು ಯಾರಿಗೆ, ನನ್ನ ಹೆಸರು ಬೋರ್ಡ್ ಮೇಲೆ ಯಾಕೆ ಬರೆದೆ. ಇಂಥವೇ. ಇವಕ್ಕೆ ಸರಿಯಾದ ಒಂದು ಏರ್ಪಾಡು ಮಾಡಿಬಿಟ್ಟರೆ, ಒಳ್ಳೆ ಮನಸ್ಸು ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತೆ. ತಮಾಷೆಗೆ ಹೇಳುತ್ತಿಲ್ಲ.

ನಮ್ಮದು ತಿಪಟೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ. ಸುತ್ತಲಿನ ಹಳ್ಳಿಗಳಲ್ಲಿ ಏಳನೇ ಕ್ಲಾಸಿಗೆ ಶಾಲೆ ಮುಗಿಯುತ್ತೆ, ಎಂಟಕ್ಕೆ ಎಲ್ಲರೂ ಇಲ್ಲಿಗೆ ಬರಬೇಕು. 2022ರ ಮೇ 16ಕ್ಕೆ ಶಾಲೆ ಶುರುವಾಯಿತು. ನಮ್ಮ ಬ್ಯಾಚಿನ ಕಥೆ ಗೊತ್ತಲ್ವಾ, ಕೊರೊನಾ ಬಂದಾಗ ಐದನೇ ಕ್ಲಾಸು. ಆರು ಮತ್ತು ಏಳನ್ನು ಅರ್ಧ ಮನೆಯಲ್ಲಿ, ಅರ್ಧ ಅಪ್ಪನ ಫೋನಿನಲ್ಲಿ, ಇನ್ನರ್ಧ ತೋಟದಲ್ಲಿ ಓದಿದ್ದೇವೆ (ಲೆಕ್ಕ ತಪ್ಪಿದೆ, ಗೊತ್ತು, ಆಗ ಕಲಿತದ್ದೇ ಅಷ್ಟು). ಪಾಠ ಹಿಂದೆ ಬಿದ್ದಿದ್ದಕ್ಕೆ ಸರ್ಕಾರ ಆ ವರ್ಷ 'ಕಲಿಕಾ ಚೇತರಿಕೆ' ಅಂತ ಮಾಡಿತು, ಅಭ್ಯಾಸದ ಹಾಳೆಗಳು ಬಂದವು. ಆದರೆ ಮರೆತುಹೋಗಿದ್ದು ಪಾಠ ಮಾತ್ರ ಅಲ್ಲ. ಒಂದೇ ಬೆಂಚಿನಲ್ಲಿ ಮೂರು ಜನ ಮೊಣಕೈ ತಾಗಿಸಿಕೊಂಡು ಇಡೀ ದಿನ ಕೂರುವುದೇ ಮರೆತುಹೋಗಿತ್ತು. ಪೆನ್ನು ಕೇಳದೆ ತಗೊಂಡ ಅಂತ ಜಗಳ, ನನ್ನ ಬ್ಯಾಗ್ ಯಾಕೆ ಸರಿಸಿದೆ ಅಂತ ಜಗಳ. ಎಂಟನೇ ಕ್ಲಾಸಿನ ಮಕ್ಕಳು ಮೂರನೇ ಕ್ಲಾಸಿನ ಥರ 'ಟೂ' ಬಿಡುತ್ತಿದ್ದೆವು.

ಇನ್ನೊಂದು, ಎಲ್ಲರೂ ಊರು ಊರೇ ಕೂರುತ್ತಿದ್ದೆವು. ನಮ್ಮ ಊರಿನವರು ಕಿಟಕಿ ಕಡೆ, ಪಕ್ಕದ ಊರಿನವರು ಹಿಂದೆ, ಟೌನಿನಿಂದ ಬಂದವರು ಮುಂದೆ. ಕಲಿಕಾ ಹಾಳೆಯ ಚಟುವಟಿಕೆಗೆ ಗುಂಪು ಮಾಡುವಾಗ ಮಿಸ್ ಹಾಜರಿ ಪುಸ್ತಕದ ನಂಬರ್ ಪ್ರಕಾರ ಗುಂಪು ಮಾಡಿಬಿಟ್ಟರು. ಅಂದರೆ ಅಕ್ಷರ ಮಾಲೆ ಹೇಳಿದ ಹಾಗೆ. ಯಾರಿಗೂ ಇಷ್ಟ ಆಗಲಿಲ್ಲ, ಆದರೆ ಯಾರಿಗೂ ಅನ್ಯಾಯ ಆಯಿತು ಅಂತಲೂ ಅನ್ನಿಸಲಿಲ್ಲ. ಮಿಸ್ ಮನಸ್ಸಿಗೆ ಬಂದ ಹಾಗೆ ಕೂರಿಸಿದ್ದರೆ 'ಅವಳನ್ನ ಯಾಕೆ ಅಲ್ಲಿ ಕೂರಿಸಿದ್ರು' ಅಂತ ಶುರುವಾಗುತ್ತಿತ್ತು. ಆಮೇಲೆ ನಾನು ಮಾಡಿದ ಮುಕ್ಕಾಲು ಕೆಲಸದ ಐಡಿಯಾ ಅಲ್ಲಿಂದಲೇ ಕದ್ದದ್ದು.

ಲೀಡರ್ ಆಗಿದ್ದು ನನ್ನ ಗಂಟಲಿನಿಂದ. ಪ್ರಾರ್ಥನೆಯಲ್ಲಿ ಪೇಪರ್ ಓದಿದ್ದು ಕಾಂಪೌಂಡಿನ ಆಚೆ ಕೇಳಿಸಿತಂತೆ, ಸರ್ ಮಾರನೇ ದಿನ 'ನೀನೇ ಲೀಡರ್ ಕಣಮ್ಮ' ಅಂದರು. ಮೊದಲ ಕೆಲಸ ಏನು ಅಂತ ಎಲ್ಲರಿಗೂ ಗೊತ್ತು. ಸರ್ ಇಲ್ಲದಾಗ ಮಾತಾಡಿದವರ ಹೆಸರು ಬೋರ್ಡ್ ಮೇಲೆ ಬರೆಯಬೇಕು. ಮತ್ತೆ ಮಾತಾಡಿದರೆ ಹೆಸರಿನ ಮುಂದೆ ಸ್ಟಾರ್. ಗೆಳೆತನ ಹಾಳು ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಕೆಲಸ ಯಾರೂ ಕಂಡುಹಿಡಿದಿಲ್ಲ. ಹೆಸರು ಬರೆದರೆ 'ಚಾಡಿಕೋರಿ', ಬರೆಯದಿದ್ದರೆ ಸರ್ ಬಂದು 'ಸಂತೆ ಥರ ಇದೆ, ಬೋರ್ಡ್ ಮಾತ್ರ ಖಾಲಿ' ಅಂತ ನನ್ನನ್ನೇ ನಿಲ್ಲಿಸುತ್ತಾರೆ.

ನಾನು ಇಟ್ಟುಕೊಂಡ ನಿಯಮ ಸರಳ. ಒಂದು ಸಲ ಬಾಯಲ್ಲಿ ಹೇಳುವುದು, ಎರಡನೇ ಸಲ ಬೋರ್ಡ್. ಪೀರಿಯಡ್ ಮುಗಿಯುವವರೆಗೆ ಸುಮ್ಮನಿದ್ದರೆ ಸರ್ ಬರುವ ಮುಂಚೆ ಅಳಿಸುವುದು. ಇದನ್ನು ಮೊದಲೇ ಕ್ಲಾಸಿಗೆ ಜೋರಾಗಿ ಹೇಳಿಬಿಟ್ಟೆ. ಮೊದಲ ದಿನ ಬರೆದ ಮೊದಲ ಹೆಸರು ನನ್ನ ಪಕ್ಕ ಕೂರುವವಳದ್ದು, ಒಂದನೇ ಕ್ಲಾಸಿನಿಂದ ಜೊತೆಗೆ ಓದಿದವಳು. ಅವಳು 'ಲೇ, ನಂದೇನೇ?' ಅಂದಳು, ಆಮೇಲೆ ವಾರಗಟ್ಟಲೆ ಮಾತು ಬಿಟ್ಟಳು, ಊಟದ ಡಬ್ಬಿ ಕೂಡ ಬೇರೆ ಕಡೆ ತೆಗೆದಳು. ಬೇಜಾರಾಯಿತು. ಆದರೆ ಹಿಂದಿನ ಬೆಂಚಿನ ಹುಡುಗರು ಆವತ್ತಿನಿಂದ ನನ್ನನ್ನು ಬೈಯುವುದು ಬಿಟ್ಟರು. 'ಅವಳು ಅವಳ ಫ್ರೆಂಡದ್ದೇ ಬರೆದ್ಲು, ನಮ್ಮದು ಬಿಡ್ತಾಳಾ' ಅಂತ ಒಬ್ಬ ಹೇಳಿದ್ದು ನನಗೇ ಕೇಳಿಸಿತು. ಗೆಳತಿ ವಾಪಸ್ ಬಂದಳು, ಗಣಿತದ ಹೋಂವರ್ಕ್ ಕರೆಸಿಕೊಂಡು ಬಂತು.

ಮತ್ತೊಂದು ವಿಷಯ ನಿಧಾನವಾಗಿ ಗೊತ್ತಾಯಿತು. ಗಲಾಟೆ ಮಾಡುವವರಿಗೆ ಮಾಡುವುದಕ್ಕೆ ಬೇರೆ ಏನೂ ಇರುವುದಿಲ್ಲ, ಅಷ್ಟೇ. ಖಾಲಿ ಪೀರಿಯಡ್ ಅಂತ ಗೊತ್ತಾದ ತಕ್ಷಣ ಹತ್ತು ಪದ ಉಕ್ತಲೇಖನ ಕೊಡುತ್ತಿದ್ದೆ, ಅಥವಾ ಗಾದೆ ಹೇಳಿ ಅರ್ಧಕ್ಕೆ ನಿಲ್ಲಿಸಿ ಉಳಿದರ್ಧ ಕೇಳುತ್ತಿದ್ದೆ. ಜಾಸ್ತಿ ಮಾತಾಡುವವನನ್ನೇ ಕರೆದು ಬೋರ್ಡಿನ ಹತ್ತಿರ ನಿಲ್ಲಿಸಿ ನೀನೇ ಹೇಳಿಸು ಅಂತ ಚಾಕ್‌ಪೀಸ್ ಕೊಟ್ಟರೆ, ಅವನಷ್ಟು ಕಟ್ಟುನಿಟ್ಟಿನ ಲೀಡರ್ ಜಿಲ್ಲೆಯಲ್ಲೇ ಇರುತ್ತಿರಲಿಲ್ಲ.

ಕಸ ಗುಡಿಸುವ ವಿಷಯಕ್ಕೆ ಬರೋಣ. ಹುಡುಗಿಯರು ಗುಡಿಸಬೇಕು, ಹುಡುಗರು ನೀರು ತರಬೇಕು ಅಂತ ಮೊದಲಿನಿಂದ ನಡೆದುಕೊಂಡು ಬಂದಿತ್ತು. ನೀರು ಎರಡು ಬಕೆಟ್, ನಲ್ಲಿ ಪಕ್ಕದಲ್ಲೇ. ಕಸ ದಿನಾ. ಒಂಬತ್ತನೇ ಕ್ಲಾಸಿನಲ್ಲಿ ನಾನು ಬೆಂಚಿನ ಸಾಲಿನ ಪ್ರಕಾರ ಪಾಳಿ ಬರೆದು ಬಾಗಿಲ ಹಿಂದೆ ಅಂಟಿಸಿದೆ. ಹುಡುಗರು ನೇರ ಸರ್ ಹತ್ತಿರ ಹೋದರು. ಸರ್ ಕೇಳಿದ್ದು ಒಂದೇ ಮಾತು, 'ಪೊರಕೆಗೆ ಗಂಡು ಹೆಣ್ಣು ಗೊತ್ತಾಗುತ್ತೇನ್ರೋ?' ಮೊದಲ ದಿನ ಒಬ್ಬ ಬಾಗಿಲಿನಿಂದ ಶುರುಮಾಡಿ ಒಳಗೆ ಗುಡಿಸಿಕೊಂಡು ಹೋಗಿ, ಕೊನೆಗೆ ಕಸದ ರಾಶಿ ಜೊತೆ ಮೂಲೆಯಲ್ಲಿ ನಿಂತಿದ್ದ. ಹುಡುಗಿಯರು ನಕ್ಕೂ ನಕ್ಕೂ ಸಾಕಾದರು. ನಗಬೇಡಿ ಅಂತ ನಾನೇ ಹೇಳಬೇಕಾಯಿತು, ಯಾಕೆಂದರೆ ಅವಮಾನ ಆದರೆ ನಾಳೆ ಪೊರಕೆ ಮುಟ್ಟುವುದಿಲ್ಲ. ಗುಡಿಸುವ ಮುಂಚೆ ನೀರು ಚಿಮುಕಿಸಬೇಕು, ಹಿಂದಿನ ಗೋಡೆಯಿಂದ ಬಾಗಿಲ ಕಡೆ ಬರಬೇಕು ಅಂತ ತೋರಿಸಿದೆವು. ಪೊರಕೆ ಬಗ್ಗೆ ಆಮೇಲೆ ದೂರು ಬಂದಿದ್ದು 'ಆ ಸಾಲಿನವರು ಸರಿಯಾಗಿ ಗುಡಿಸಿಲ್ಲ' ಅಂತ ಮಾತ್ರ. ಅದು ಒಳ್ಳೆಯ ದೂರು.

ಊಟದ ವಿಷಯ ಮಾತ್ರ ಸೂಕ್ಷ್ಮ. ಬಿಸಿಯೂಟದ ಜೊತೆ ಮೊಟ್ಟೆ ಮೊದಲು ಎಂಟನೇ ಕ್ಲಾಸಿನವರೆಗೆ ಮಾತ್ರ ಇತ್ತು, 2023ರಲ್ಲಿ ಒಂಬತ್ತು ಹತ್ತಕ್ಕೂ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸೇರಿಕೊಂಡ ಮೇಲೆ ವಾರಕ್ಕೆ 6 ದಿನ ಆಯಿತು. ಮೊಟ್ಟೆ ತಿನ್ನದವರಿಗೆ ಆಗ ಬಾಳೆಹಣ್ಣು ಅಥವಾ ಚಿಕ್ಕಿ ಕೊಡುತ್ತಿದ್ದರು. ಬೆಳಗ್ಗೆ ಎಷ್ಟು ಮೊಟ್ಟೆ, ಎಷ್ಟು ಬಾಳೆಹಣ್ಣು ಅಂತ ಎಣಿಸಿ ಅಡುಗೆ ಅಕ್ಕನಿಗೆ ಚೀಟಿ ಕೊಡುವುದು ಲೀಡರ್ ಕೆಲಸ. ನಾನು ಮೊದಮೊದಲು 'ಮೊಟ್ಟೆಯವರು ಕೈ ಎತ್ತಿ' ಅಂತ ಕೇಳುತ್ತಿದ್ದೆ. ಕೈ ಎತ್ತುವಾಗ ಕೆಲವರು ಅಕ್ಕಪಕ್ಕ ನೋಡಿಕೊಂಡು ಎತ್ತುವುದು ಕಂಡಿತು. ಮನೆಯಲ್ಲಿ ತಿನ್ನದ ಜಾತಿಯವರು ಇಲ್ಲಿ ತಿನ್ನಬೇಕು ಅಂತ ಆಸೆ, ಆದರೆ ಅದೇ ಬೀದಿಯ ಹುಡುಗಿ ಮನೆಗೆ ಹೋಗಿ ಹೇಳಿಬಿಡುತ್ತಾಳೆ ಅಂತ ಭಯ. ಇನ್ನು ಕೆಲವರಿಗೆ ಮೊಟ್ಟೆಯ ವಾಸನೆಯೇ ಆಗುವುದಿಲ್ಲ, ಅವರನ್ನು ಉಳಿದವರು ರೇಗಿಸುತ್ತಿದ್ದರು. ಕೈ ಎತ್ತಿಸುವುದು ಬಿಟ್ಟು ಒಂದು ಹಾಳೆ ಸುತ್ತಿಸಿದೆ, ಹೆಸರಿಲ್ಲ, ಎರಡು ಕಾಲಂ, ಒಂದೊಂದು ಗೀಟು. ಲೆಕ್ಕ ಸಿಕ್ಕರೆ ಸಾಕಲ್ವಾ, ಹೆಸರು ಯಾಕೆ? ಬಡಿಸುವಾಗ ಯಾರು ಏನು ತಗೋತಾರೆ ಅಂತ ಕಾಣುತ್ತೆ ನಿಜ, ಆದರೆ ಅಷ್ಟು ಹೊತ್ತಿಗೆ ಎಲ್ಲರ ಕಣ್ಣು ಅವರವರ ತಟ್ಟೆಯಲ್ಲಿರುತ್ತೆ. ಮೊಟ್ಟೆ ತಿನ್ನುವವರು ಒಂದು ಸಾಲು, ಬಾಳೆಹಣ್ಣಿನವರು ಒಂದು ಸಾಲು ಕೂರುವ ಅಭ್ಯಾಸ ಶುರುವಾಗಿತ್ತು, ಬಡಿಸುವುದಕ್ಕೆ ಸುಲಭ ಅಂತ. ಅದನ್ನೂ ಹಾಜರಿ ನಂಬರಿಗೆ ಬದಲಾಯಿಸಿ ಅಂತ ಮಿಸ್ ಹತ್ತಿರ ಕೇಳಿಕೊಂಡೆ. ಅಡುಗೆ ಅಕ್ಕ ಸ್ವಲ್ಪ ಗೊಣಗಿದರು. ಯಾರ ಮನೆಯಲ್ಲಿ ಏನು ಗೊತ್ತಾಯಿತೋ ಬಿಟ್ಟಿತೋ, ನನಗೆ ಹೇಳಿದ ಗುಟ್ಟುಗಳು ನನ್ನ ಹತ್ತಿರವೇ ಇವೆ.

ಬಸ್ಸಿನ ಜಗಳ ನನ್ನ ಕೈಯಲ್ಲಿರಲಿಲ್ಲ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾವು ಹುಡುಗಿಯರು ಆಧಾರ್ ಕಾರ್ಡ್ ತೋರಿಸಿ ಓಡಾಡಿದೆವು, ಹುಡುಗರು ದುಡ್ಡು ಕೊಟ್ಟು ಪಾಸ್ ಮಾಡಿಸಬೇಕು, ಅದರ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ. 'ನಿಮಗೆ ಎಲ್ಲಾ ಫ್ರೀ' ಅಂತ ದಿನಾ ಕೇಳಿದ್ದೇವೆ. ವಾದ ಮಾಡಲಿಲ್ಲ. ಸೀಟು ಸಿಕ್ಕವರು ನಿಂತವರ ಬ್ಯಾಗ್ ತೊಡೆ ಮೇಲೆ ಇಟ್ಟುಕೊಳ್ಳುವುದು ಅಂತ ಮಾಡಿಕೊಂಡೆವು, ಹುಡುಗನಾಗಲಿ ಹುಡುಗಿಯಾಗಲಿ.

ಅಡ್ಡ ಹೆಸರಿನ ವಿಷಯದಲ್ಲಿ ನಾನು ಹಗುರವಾಗಿರಲಿಲ್ಲ. ಅಡ್ಡ ಹೆಸರು ಇಲ್ಲದ ಕ್ಲಾಸ್ ಇರುವುದಿಲ್ಲ, ಕೆಲವರಿಗೆ ಅದು ಹೆಮ್ಮೆ. ಉದ್ದ ಇದ್ದ ಒಬ್ಬನನ್ನು 'ತೆಂಗಿನಮರ' ಅನ್ನುತ್ತಿದ್ದೆವು, ಅವನು ಕಬಡ್ಡಿ ಆಡುವಾಗ ತಾನೇ ಆ ಹೆಸರು ಕೂಗಿಕೊಳ್ಳುತ್ತಿದ್ದ. ಮಾತಾಡುವಾಗ ತೊದಲುತ್ತಿದ್ದ ಇನ್ನೊಬ್ಬನಿಗೂ ಒಂದು ಹೆಸರಿತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಕೂಗಿದಾಗ ತಿರುಗಿ ನೋಡುತ್ತಾನಾ, ತಲೆ ತಗ್ಗಿಸುತ್ತಾನಾ? ನಾನು ನೋಡುತ್ತಿದ್ದದ್ದು ಅಷ್ಟೇ. ಅವನು ತಗ್ಗಿಸುತ್ತಿದ್ದ. ಕ್ಲಾಸಿನ ಮುಂದೆ ನಿಂತು ಯಾರೂ ಹಾಗೆ ಕರೆಯಬೇಡಿ ಅಂದಿದ್ದರೆ ಎಲ್ಲರೂ ಅವನ ಕಡೆ ತಿರುಗುತ್ತಿದ್ದರು. ಅದಕ್ಕೆ ಆ ಹೆಸರು ಶುರುಮಾಡಿದ ಇಬ್ಬರನ್ನು ಬೇರೆ ಬೇರೆಯಾಗಿ ಹಿಡಿದು ಮಾತಾಡಿದೆ. ಒಬ್ಬ ಕೇಳಿದ. ಇನ್ನೊಬ್ಬ ಕೇಳಲಿಲ್ಲ, ಅವನ ವಿಷಯ ಮಿಸ್‌ಗೆ ಹೇಳಿದೆ. ಚಾಡಿ ಅಂದರೂ ಪರವಾಗಿಲ್ಲ. ಒಬ್ಬರನ್ನು ಹಲವರು ಸೇರಿ ಕಾಡುವುದು, ಹೊಡೆಯುವುದು, ಮೈ ಮುಟ್ಟುವುದು, ಇವು ಮಕ್ಕಳೇ ಕೂತು ರಾಜಿ ಮಾಡಿಕೊಳ್ಳುವ ಜಗಳ ಅಲ್ಲ. ಶಾಲೆಯ ಗೋಡೆ ಮೇಲೆ 1098 ಅಂತ ಮಕ್ಕಳ ಸಹಾಯವಾಣಿ ನಂಬರ್ ಬರೆದಿರುತ್ತಾರೆ ನೋಡಿ, ಅದು ಸುಮ್ನೆ ಬರೆದಿದ್ದಲ್ಲ. ಮಿಸ್ ಕೇಳದಿದ್ದರೆ ಅದಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ.

ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಬಗೆಹರಿಸಬೇಡಿ, ಇದು ಮಾತ್ರ ಖಂಡಿತ. ಯಾರೋ ಸ್ಟೇಟಸ್‌ನಲ್ಲಿ 'ಬೆನ್ನ ಹಿಂದೆ ಮಾತಾಡುವವರಿಗೆ' ಅಂತ ಹಾಕುತ್ತಾರೆ, ಹೆಸರಿರುವುದಿಲ್ಲ, ಕ್ಲಾಸಿನ ಅರ್ಧ ಜನ ಅದು ತಮಗೇ ಅಂದುಕೊಳ್ಳುತ್ತಾರೆ. ಜೊತೆಗೆ ನಮ್ಮಲ್ಲಿ ತುಂಬಾ ಜನರ ಫೋನ್ ಅಪ್ಪನದ್ದು. ನನ್ನ ಗೆಳತಿ ಕೋಪದಲ್ಲಿ ಕಳಿಸಿದ ವಾಯ್ಸ್ ಮೆಸೇಜನ್ನು ಇನ್ನೊಬ್ಬಳ ಅಪ್ಪ ಕೊಬ್ಬರಿ ಮಾರುಕಟ್ಟೆಯಲ್ಲಿ ನಿಂತು ಪೂರ್ತಿ ಕೇಳಿದರು. ಆಮೇಲೆ ಗ್ರೂಪಿನಲ್ಲಿ ಹೋಂವರ್ಕ್, ರಜೆ, ಹುಟ್ಟುಹಬ್ಬ ಇಷ್ಟೇ ಅಂತ ಮಾಡಿಕೊಂಡೆವು. ಉಳಿದದ್ದು ಬೆಳಗ್ಗೆ ಎದುರಾಬದುರಾ.

ಹತ್ತನೇ ಕ್ಲಾಸಿನಲ್ಲಿ ಜಗಳದ ಜಾತಿಯೇ ಬದಲಾಯಿತು. ನಮ್ಮ ವರ್ಷದ ಪರೀಕ್ಷೆಗೆ ಒಟ್ಟು 625 ಅಂಕ ಇತ್ತು. ಪ್ರಥಮ ಭಾಷೆ 125, ಉಳಿದ ಐದಕ್ಕೆ ನೂರು ನೂರು. ಅದರಲ್ಲಿ ಪ್ರಥಮ ಭಾಷೆಗೆ 25, ಉಳಿದವಕ್ಕೆ 20 ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಪ್ರಾಜೆಕ್ಟು, ಕಿರುಪರೀಕ್ಷೆ ಎಲ್ಲಾ ಇದಕ್ಕೇ ಸೇರುತ್ತೆ. 'ಅವಳಿಗೆ ಯಾಕೆ ಒಂದು ಮಾರ್ಕ್ಸ್ ಜಾಸ್ತಿ' ಅಂತ ಶುರುವಾಗುವುದು ಇಲ್ಲಿಯೇ. ಚೆನ್ನಾಗಿ ಓದುವವರು ನೋಟ್ಸ್ ಬಚ್ಚಿಡುತ್ತಾರೆ, ಕೇಳಿದರೆ 'ಅಯ್ಯೋ ನಾನೇನೂ ಓದಿಲ್ಲ ಕಣೇ' ಅನ್ನುತ್ತಾರೆ. ಆ ಮಾತು ಹೇಳಿದವರು ಯಾರೂ ಫೇಲಾಗಿದ್ದನ್ನು ನಾನು ನೋಡಿಲ್ಲ. ಇತ್ತ ಕಷ್ಟಪಡುವವರಿಗೆ ಪಾಸಿಂಗ್ ಪ್ಯಾಕೇಜ್ (ಪಾಸಾಗುವಷ್ಟಕ್ಕೆ ಓದಬೇಕಾದ ಪಾಠ, ಪ್ರಶ್ನೆಗಳು) ಕೊಟ್ಟು ಬೇರೆ ಕೂರಿಸಿದಾಗ ಅವರು ನಮ್ಮ ಜೊತೆ ಮಾತಾಡುವುದೇ ಕಡಿಮೆ ಮಾಡಿದರು.

ಸಂಜೆ ಸ್ಪೆಷಲ್ ಕ್ಲಾಸಿನ ಗುಂಪು ಮಾಡುವ ಕೆಲಸ ನಮಗೇ ಬಂದಾಗ, 'ಜಾಣರು ದಡ್ಡರಿಗೆ ಹೇಳಿಕೊಡಲಿ' ಅಂತ ಮಾಡಲಿಲ್ಲ. ಹಾಗೆ ಮಾಡಿದರೆ ಹೇಳಿಕೊಡುವವರಿಗೆ ಗತ್ತು, ಕೇಳುವವರಿಗೆ ಕಿರಿಕಿರಿ. ಯಾರಿಗೆ ಏನು ಬರುತ್ತೆ ಅಂತ ಒಂದು ಹಾಳೆಯಲ್ಲಿ ಬರೆಸಿದೆ. ಎಲ್ಲರೂ ಒಂದಾದರೂ ಬರೆಯಲೇಬೇಕು. ನನಗೆ ಥೇಲ್ಸ್ ಪ್ರಮೇಯ ಬಾಯಿಗೆ ಬರುತ್ತಿತ್ತು, ಆದರೆ ಸಮಾಜ ವಿಜ್ಞಾನದ ಭಾರತದ ನಕ್ಷೆ ಬಿಡಿಸಿದರೆ ಬದನೆಕಾಯಿ ಆಗುತ್ತಿತ್ತು. ಹಿಂದಿನ ಬೆಂಚಿನ ಒಬ್ಬ, ಗಣಿತದಲ್ಲಿ ಒಂದಂಕಿ ದಾಟದವನು, ಕೈ ಎತ್ತದೆ ನಕ್ಷೆ ಬಿಡಿಸುತ್ತಿದ್ದ. ಮೊದಲು ಗುಜರಾತಿನ ಮೂತಿ, ಅಲ್ಲಿಂದ ಮೇಲೆ ಕಾಶ್ಮೀರ, ಆಮೇಲೆ ಕನ್ಯಾಕುಮಾರಿಗೆ ಒಂದು ಚುಕ್ಕೆ ಮೊದಲೇ ಇಟ್ಟುಕೊಂಡು ಎರಡು ಕಡೆಯಿಂದ ಗೆರೆ ಇಳಿಸುವುದು. ನಮ್ಮ ಇಡೀ ಗುಂಪಿಗೆ ಅವನೇ ಕಲಿಸಿದ. 'ಏಯ್, ಚುಕ್ಕೆ ಇಡದೆ ಗೆರೆ ಎಳೀಬೇಡ' ಅಂತ ನನ್ನ ಕೈಗೆ ಸ್ಕೇಲಿನಲ್ಲಿ ತಟ್ಟಿದ್ದಾನೆ. ಅದಾದ ಮೇಲೆ ಅವನಿಗೆ ಪ್ರಮೇಯ ಹೇಳಿಕೊಡಲು ಕೂತರೆ ಎದ್ದು ಹೋಗುತ್ತಿರಲಿಲ್ಲ.

ಎಲ್ಲರ ಜೊತೆಯೂ ಸರಿ ಹೋಯಿತಾ ಅಂದರೆ, ಇಲ್ಲ. ಒಬ್ಬಳ ಜೊತೆ ಕೊನೆಯವರೆಗೂ ಆಗಲಿಲ್ಲ. ಕಾರಣ ಹೇಳುವಂಥದ್ದೇನೂ ಇಲ್ಲ, ನನ್ನ ದನಿ ಅವಳಿಗೆ ಆಗುತ್ತಿರಲಿಲ್ಲ, ಅವಳ ಮೌನ ನನಗೆ ಆಗುತ್ತಿರಲಿಲ್ಲ. ಗೆಳತಿ ಆಗಲೇಬೇಕು ಅಂತ ಇಬ್ಬರೂ ಹಟ ಮಾಡಲಿಲ್ಲ. ಹಾಲು ಹಂಚುವ ಪಾಳಿಯಲ್ಲಿ ಅವಳು ಲೋಟ ಜೋಡಿಸುತ್ತಿದ್ದಳು, ನಾನು ಹಾಕುತ್ತಿದ್ದೆ, ರಾಗಿ ಮಾಲ್ಟ್ ಕೊಡುವ ದಿನವೂ ಅಷ್ಟೇ, ಒಂದು ಮಾತಿಲ್ಲದೆ ಕೆಲಸ ಮುಗಿಯುತ್ತಿತ್ತು. ನಿಜ ಹೇಳಬೇಕೆಂದರೆ ನನ್ನ ಗೆಳತಿ ಜೊತೆ ಹಂಚಿದಾಗಲೇ ಜಾಸ್ತಿ ಚೆಲ್ಲಿದ್ದು. 2025ರ ಮಾರ್ಚಿನಲ್ಲಿ ಪರೀಕ್ಷೆ ಬರೆದೆವು, ಇಬ್ಬರೂ ಪಾಸು. ಅವಳು ಕಾಮರ್ಸ್ ತಗೊಂಡಿದ್ದಾಳೆ, ನಾನು ಸೈನ್ಸ್. ಗ್ರೂಪಿನಲ್ಲಿ ಯಾರಿಗಾದರೂ ನಾನು ಹುಟ್ಟುಹಬ್ಬದ ಶುಭಾಶಯ ಹಾಕಿದರೆ ಅದಕ್ಕೆ ಮೊದಲು ಹೆಬ್ಬೆರಳು ಒತ್ತುವುದು ಅವಳೇ. ಯಾಕೆ ಅಂತ ನಾನು ಕೇಳಿಲ್ಲ.