ನೇತ್ರಾಣಿಯ ನೀರಿನೊಳಗೆ ಹ್ಯಾಂಡಿಕ್ಯಾಮ್: ನನ್ನ ಅನುಭವ

ನೀರಿನೊಳಗೆ ವಿಡಿಯೊ ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು, ಯಾವ ಕ್ಯಾಮೆರಾ ತಗೊಳ್ಳಲಿ ಅಂತ. ನಾನಾದರೆ ಮೊದಲು ಹೌಸಿಂಗ್, ಅಂದರೆ ಕ್ಯಾಮೆರಾ ಇಡುವ ನೀರು ನುಗ್ಗದ ಡಬ್ಬ, ಹುಡುಕಿ ಅನ್ನುತ್ತೇನೆ. ಒಳ್ಳೆಯ ಹೌಸಿಂಗ್ ಸಿಕ್ಕಿತಾ, ಅದರೊಳಗೆ ಯಾವ ಮಾಡೆಲ್ ಕೂರುತ್ತದೋ ಅದನ್ನು ತಗೊಳ್ಳಿ. ಹ್ಯಾಂಡಿಕ್ಯಾಮ್‌ಗಳು, ಅಂದರೆ ಕೈಯಲ್ಲಿ ಹಿಡಿಯುವ ಸೋನಿ ವಿಡಿಯೊ ಕ್ಯಾಮೆರಾಗಳು, ಹಳೆಯ ಮಾರುಕಟ್ಟೆಯಲ್ಲಿ ಬೇಕಾದಷ್ಟು ಸಿಗುತ್ತವೆ, ಆದರೆ ಅವುಗಳ ಅಳತೆಗೇ ಮಾಡಿದ ಹೌಸಿಂಗ್ ಅಪರೂಪ, ಮತ್ತು ಕ್ಯಾಮೆರಾಗಿಂತ ಜಾಸ್ತಿ ದುಡ್ಡು ಅದಕ್ಕೇ ಹೋಗುತ್ತದೆ. ನನ್ನದು ಹಳೆಯ ಸೋನಿ ಹ್ಯಾಂಡಿಕ್ಯಾಮ್, ಮೆಮೊರಿ ಕಾರ್ಡ್‌ನದು, 1080ರ ಎಚ್‌ಡಿ ಗುಣಮಟ್ಟದಲ್ಲಿ, ಎವಿಸಿಎಚ್‌ಡಿ ಅನ್ನುವ ವಿಡಿಯೊ ಫಾರ್ಮ್ಯಾಟಿನಲ್ಲಿ ರೆಕಾರ್ಡ್ ಮಾಡುತ್ತದೆ. ಹೌಸಿಂಗ್ ಪಾರದರ್ಶಕ ಅಕ್ರಿಲಿಕ್‌ನದು, ಅದೂ ಸೆಕೆಂಡ್ ಹ್ಯಾಂಡ್.

ಈಗ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ದೋಣಿಯಲ್ಲಿ ಕೂತರೆ ಸುತ್ತ ಎಲ್ಲರ ಕೈಯಲ್ಲೂ ಗೋಪ್ರೊ ಅನ್ನುವ ಪುಟ್ಟ ಕ್ಯಾಮೆರಾ. ಅವರ ನಡುವೆ ನಾನು ಈ ದೊಡ್ಡ ಡಬ್ಬ ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತೇನೆ. ನಗುವವರು ನಗುತ್ತಾರೆ, ಬಿಡಿ. ಎರಡೂ ಕೈಯಲ್ಲಿ ಹಿಡಿಯುವ ಭಾರದ ವಸ್ತು ನೀರಿನಲ್ಲಿ ಅಲುಗಾಡುವುದಿಲ್ಲ, ಕೋಲಿನ ತುದಿಯ ಪುಟ್ಟ ಕ್ಯಾಮೆರಾ ಕೈ ನಡುಗಿದಷ್ಟೂ ನಡುಗುತ್ತದೆ. ಆಪ್ಟಿಕಲ್ ಝೂಮ್ ಇದೆ. ಝೂಮ್ ಮಾಡದೆ ಲೆನ್ಸ್ ಪೂರ್ತಿ ಅಗಲಕ್ಕೆ ಇಟ್ಟರೆ ಹೆಚ್ಚೂಕಡಿಮೆ ಗಾಜಿಗೆ ತಾಗುವಷ್ಟು ಹತ್ತಿರದ್ದೂ ಫೋಕಸ್ ಆಗುತ್ತದೆ. ಕತ್ತಲೆ ಜಾಸ್ತಿ ಇದ್ದಲ್ಲಿ ಮಾತ್ರ ಹಳೆಯ ಸೆನ್ಸರ್ ಸೋಲುತ್ತದೆ, ಚಿತ್ರದ ತುಂಬ ಕಾಳುಕಾಳು. ಅದನ್ನು ಒಪ್ಪಿಕೊಂಡೇ ಹೋಗಬೇಕು.

ಹೌಸಿಂಗ್ ಕೊಳ್ಳುವಾಗ ಎಷ್ಟು ಮೀಟರ್ ತಡೆಯುತ್ತದೆ ಅಂತ ನೋಡಲೇಬೇಕು. ಪ್ರತಿ 10 ಮೀಟರ್‌ಗೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತಾ ಹೋಗುತ್ತದೆ. ಕ್ಯಾಮೆರಾ ಕಂಪನಿಗಳೇ ಮಾರುತ್ತಿದ್ದ ಸ್ಪೋರ್ಟ್ಸ್ ಪ್ಯಾಕ್ ಅನ್ನುವ ಹೌಸಿಂಗ್‌ಗಳಲ್ಲಿ ಕೆಲವು 5 ಮೀಟರ್‌ಗಷ್ಟೇ ಇದ್ದವು. ಅವು ಮೇಲೆ ತೇಲುತ್ತಲೇ ನೋಡುವ ಸ್ನಾರ್ಕೆಲಿಂಗ್‌ಗೆ ಸಾಕು, ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವ ಸ್ಕೂಬಾಗೆ ಬೇಡವೇ ಬೇಡ. ಅದರ ಜೊತೆ ಇನ್ನೊಂದು ವಿಷಯ ಕೇಳಿ: ಒಳಗಿನ ಯಾವ ಯಾವ ಬಟನ್ ಹೊರಗಿನಿಂದ ಒತ್ತಬಹುದು? ಹ್ಯಾಂಡಿಕ್ಯಾಮ್‌ನಲ್ಲಿ ಅರ್ಧ ಕೆಲಸ ಟಚ್ ಸ್ಕ್ರೀನ್‌ನಲ್ಲೇ ಇರುತ್ತದೆ, ಡಬ್ಬ ಮುಚ್ಚಿದ ಮೇಲೆ ಸ್ಕ್ರೀನ್ ಮುಟ್ಟುವ ಹಾಗಿಲ್ಲ. ನನ್ನದರಲ್ಲಿ ಆನ್, ರೆಕಾರ್ಡ್, ಝೂಮ್ ಇಷ್ಟೇ. ಹಾಗಾಗಿ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗೇ ಕಾಣುವ ಹಾಗೆ ಬಣ್ಣ ಹೊಂದಿಸುವುದು), ಫೋಕಸ್, ಸ್ಟೆಡಿಶಾಟ್ (ಚಿತ್ರದ ಅಲುಗಾಟ ತಗ್ಗಿಸುವ ವ್ಯವಸ್ಥೆ) ಎಲ್ಲವನ್ನೂ ದಡದಲ್ಲೇ ನಿರ್ಧರಿಸಿ ಮುಚ್ಚುತ್ತೇನೆ. ಸ್ಟೆಡಿಶಾಟ್ ಸ್ಟ್ಯಾಂಡರ್ಡ್‌ನಲ್ಲಿರಲಿ, ಆಕ್ಟಿವ್ ಹಾಕಿದರೆ ಚಿತ್ರದ ಅಂಚು ಕತ್ತರಿಸುತ್ತದೆ. ನೀರಿನಲ್ಲಿ ಒಂದು ಡಿಗ್ರಿ ಅಗಲವನ್ನೂ ಕಳೆದುಕೊಳ್ಳುವ ಹಾಗಿಲ್ಲ.

ಯಾಕೆಂದರೆ ಅಗಲ ಮೊದಲೇ ಕಡಿಮೆ ಆಗಿರುತ್ತದೆ. ಚಪ್ಪಟೆ ಗಾಜಿನ ಹಿಂದೆ ಲೆನ್ಸ್ ಇದ್ದರೆ ನೀರಿನ ವಕ್ರೀಭವನದಿಂದ ಎಲ್ಲವೂ ಸುಮಾರು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತದೆ. ಗಾಳಿಯಲ್ಲಿ 60 ಡಿಗ್ರಿ ನೋಡುವ ಲೆನ್ಸ್ ನೀರಿನೊಳಗೆ 44 ಡಿಗ್ರಿ ನೋಡುತ್ತದೆ. ಪೂರ್ತಿ ಬಂಡೆ ಫ್ರೇಮಿನಲ್ಲಿ ಬರಲಿ ಅಂತ ಹಿಂದೆ ಸರಿದಿರೋ, ನಡುವೆ ನೀರು ಜಾಸ್ತಿ ಆಯಿತು, ಚಿತ್ರ ಮಬ್ಬಾಯಿತು. ಗುಮ್ಮಟದ ಗಾಜು, ಅಂದರೆ ಡೋಮ್ ಪೋರ್ಟ್ ಇದ್ದರೆ ಈ ನಷ್ಟ ತಪ್ಪುತ್ತದೆ, ಇಲ್ಲವಾದರೆ ನೋಟದ ಅಗಲ ಹೆಚ್ಚಿಸುವ ವೈಡ್ ಆಂಗಲ್ ಅಡಾಪ್ಟರ್ ಬೇಕು. ಎರಡೂ ಇಲ್ಲದವರು ನನ್ನ ಹಾಗೆ ದೊಡ್ಡ ದೃಶ್ಯದ ಆಸೆ ಬಿಟ್ಟು ಸಣ್ಣದನ್ನು ಹತ್ತಿರದಿಂದ ಹಿಡಿಯಬೇಕು. ನಿಮಗೂ ಮೀನಿಗೂ ನಡುವೆ ಇರುವ ನೀರು ಕಡಿಮೆ ಆದಷ್ಟೂ ವಿಡಿಯೊ ಚೆನ್ನಾಗಿ ಬರುತ್ತದೆ. ಉಳಿದ ತಂತ್ರಗಳೆಲ್ಲ ಇದರ ಮುಂದೆ ಸಣ್ಣವು.

ಬಣ್ಣದ ಕಥೆಯೂ ಅಷ್ಟೇ. ನೀರು ಮೊದಲು ನುಂಗುವುದು ಕೆಂಪನ್ನು. 5 ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಸೊರಗಿರುತ್ತದೆ, 10 ಮೀಟರ್ ದಾಟಿದರೆ ನಿಮ್ಮ ಕೆಂಪು ಟೀಶರ್ಟ್ ಕಂದು ಬಣ್ಣದ ಗೋಣಿಚೀಲ. ಬೆಳಕು ಮೇಲಿನಿಂದ ಇಳಿದು, ಮೀನಿಗೆ ಬಡಿದು, ಮತ್ತೆ ಅಡ್ಡಕ್ಕೆ ಕ್ಯಾಮೆರಾವರೆಗೆ ಬರಬೇಕಲ್ವಾ, ಆ ದೂರವೂ ಲೆಕ್ಕಕ್ಕೆ ಸೇರುತ್ತದೆ. ನೀರಿನೊಳಗೇ ವೈಟ್ ಬ್ಯಾಲೆನ್ಸ್ ಒತ್ತಬಹುದಾದ ಹೌಸಿಂಗ್ ಇದ್ದರೆ ಬಿಳಿ ಪ್ಲಾಸ್ಟಿಕ್ ಸ್ಲೇಟು ಒಯ್ದು, ಆಳ ಬದಲಾದಾಗಲೆಲ್ಲ ಅದನ್ನು ತೋರಿಸಿ ಸರಿಮಾಡಿಕೊಳ್ಳಿ. ನನಗೆ ಆ ಭಾಗ್ಯವಿಲ್ಲ. ಪೋರ್ಟಿನ ಮುಂದೆ ಕೆಂಪು ಫಿಲ್ಟರ್ ಹಾಕಿ ಆಟೊದಲ್ಲಿ ಬಿಡುತ್ತೇನೆ. ಬಿಸಿಲಿರುವ ದಿನ, 5ರಿಂದ 15 ಮೀಟರ್ ಒಳಗೆ, ಸೂರ್ಯ ಬೆನ್ನ ಹಿಂದೆ ಇದ್ದರೆ ಇದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಫಿಲ್ಟರ್ ಬೆಳಕನ್ನು ಕುಡಿಯುತ್ತದೆ, ಮೋಡದ ದಿನ ತೆಗೆದಿಡುವುದೇ ಒಳ್ಳೆಯದು. ಟಾರ್ಚ್ ಹಾಕಿದಾಗಲಂತೂ ತೆಗೆಯಲೇಬೇಕು, ಇಲ್ಲದಿದ್ದರೆ ಎಲ್ಲಾ ಕುಂಕುಮ ಎರಚಿದ ಹಾಗೆ ಕಾಣುತ್ತದೆ.

ಈಗ ಹಿಂದಿನ ರಾತ್ರಿಯ ಕೆಲಸ. ಇದು ನನಗೆ ಡೈವ್‌ನಷ್ಟೇ ಇಷ್ಟ. ಲಾಡ್ಜ್ ರೂಮಿನಲ್ಲಿ ಫ್ಯಾನ್ ಆಫ್ ಮಾಡಿ (ಧೂಳು ಹಾರಬಾರದು), ಟೇಬಲ್ ಒರೆಸಿ, ಹೌಸಿಂಗಿನ ಓ-ರಿಂಗ್, ಅಂದರೆ ಬಾಗಿಲ ಅಂಚಿನಲ್ಲಿ ನೀರು ತಡೆಯುವ ರಬ್ಬರ್ ಬಳೆ, ಬಿಚ್ಚುತ್ತೇನೆ. ಪಿನ್ನು, ಚಾಕು ಏನೂ ಬೇಡ, ಎರಡು ಬೆರಳಲ್ಲಿ ರಿಂಗನ್ನು ಒಂದು ಕಡೆಗೆ ದೂಡಿದರೆ ಗುಳ್ಳೆಯ ಹಾಗೆ ಎದ್ದು ಬರುತ್ತದೆ. ಅದನ್ನು ಬೆರಳ ಸಂದಿಯಲ್ಲಿ ನಿಧಾನವಾಗಿ ಎಳೆದರೆ ಕಣ್ಣಿಗೆ ಕಾಣದ ಮರಳಿನ ಕಣವೂ ಚರ್ಮಕ್ಕೆ ಚುಚ್ಚುತ್ತದೆ. ಅದು ಕೂರುವ ತೋಡನ್ನು ನಾರು ಬಿಡದ ಬಟ್ಟೆಯಿಂದ ಒರೆಸಿ, ಸಿಲಿಕೋನ್ ಗ್ರೀಸ್ ಹಚ್ಚುತ್ತೇನೆ, ಬರೀ ಮಿನುಗುವಷ್ಟು. ಗ್ರೀಸ್ ನೀರು ತಡೆಯುತ್ತದೆ ಅಂತ ಕೆಲವರು ಬೆಣ್ಣೆ ಮೆತ್ತಿದ ಹಾಗೆ ಮೆತ್ತುತ್ತಾರೆ. ನೀರು ತಡೆಯುವುದು ರಬ್ಬರು, ಗ್ರೀಸ್ ಇರುವುದು ಅದು ಜಾರಿ ಸರಿಯಾಗಿ ಕೂರಲಿ ಅಂತ. ಜಾಸ್ತಿ ಹಚ್ಚಿದರೆ ಕೂದಲು, ಮರಳು ಎಲ್ಲ ಅಲ್ಲಿಗೇ ಅಂಟುತ್ತವೆ, ಒಂದೇ ಒಂದು ಕೂದಲು ಅಡ್ಡ ಬಿದ್ದರೂ ಸಾಕು ನೀರು ಬರಲು. ಅಕ್ರಿಲಿಕ್‌ನ ದೊಡ್ಡ ಉಪಕಾರ ಇಲ್ಲೇ ಗೊತ್ತಾಗುವುದು: ಕ್ಲಿಪ್ ಹಾಕಿದ ಮೇಲೆ ರಿಂಗ್ ಒತ್ತಿ ಕೂತಲ್ಲಿ ಕಪ್ಪು ಗೆರೆ ಸುತ್ತಲೂ ಕಾಣುತ್ತದೆ. ಎಲ್ಲಾದರೂ ಗೆರೆ ಕಡಿದಿದ್ದರೆ ಮತ್ತೆ ಬಿಚ್ಚಿ ಮೊದಲಿನಿಂದ ಶುರು.

ಮುಚ್ಚುವುದು ಎಸಿ ರೂಮಿನಲ್ಲಾದರೆ ಇನ್ನೂ ಒಳ್ಳೆಯದು. ಕರಾವಳಿಯ ಗಾಳಿಯಲ್ಲಿ ತೇವ ಹೇಗಿರುತ್ತದೆ ಗೊತ್ತಲ್ಲ. ಆ ಗಾಳಿ ಒಳಗೆ ಸಿಕ್ಕಿಕೊಂಡರೆ ಕ್ಯಾಮೆರಾದ ಬಿಸಿಗೆ ಒಳಗೆಲ್ಲ ಕಾವೇರುತ್ತದೆ, ಗಾಜು ಹೊರಗಿನ ನೀರಿಗೆ ತಣ್ಣಗಾಗುತ್ತದೆ, ತೇವ ಗಾಜಿನ ಒಳಮೈಗೆ ಮಂಜಾಗಿ ಕೂರುತ್ತದೆ. ಅದನ್ನು ನೀರಿನೊಳಗೆ ಒರೆಸಲು ಆಗುತ್ತದಾ? ತೇವ ಹೀರುವ ಸಿಲಿಕಾ ಜೆಲ್‌ನ ಎರಡು ಪೊಟ್ಟಣ ಒಳಗೆ ತುರುಕಿ, ಎಸಿಯ ಒಣ ಗಾಳಿಯಲ್ಲೇ ಮುಚ್ಚಿ, ದಡಕ್ಕೆ ವಾಪಸ್ ಬರುವ ತನಕ ತೆರೆಯುವುದಿಲ್ಲ. ಅದಕ್ಕೇ ಒಳಗೆ ಹಿಡಿಸುವ ಅತಿ ದೊಡ್ಡ ಬ್ಯಾಟರಿ, ದೊಡ್ಡ ಕಾರ್ಡ್ ಹಾಕಿ. ಎವಿಸಿಎಚ್‌ಡಿಯ 24 ಎಂಬಿಪಿಎಸ್‌ನಲ್ಲಿ ಗಂಟೆಗೆ ಸುಮಾರು 11 ಜಿಬಿ ಬೇಕು. ಅಲುಗಾಡುವ ದೋಣಿಯಲ್ಲಿ, ಎಲ್ಲರ ಮೈಯಿಂದ ಉಪ್ಪುನೀರು ತೊಟ್ಟಿಕ್ಕುವಾಗ ಡಬ್ಬ ತೆರೆದು ಬ್ಯಾಟರಿ ಬದಲಿಸುವ ಸಾಹಸ ಬೇಡ.

ಹೌಸಿಂಗಿನ ತೂಕವನ್ನೂ ಮನೆಯಲ್ಲೇ ನೋಡಿಕೊಳ್ಳಬಹುದು. ಬಚ್ಚಲಿನ ಡ್ರಮ್ಮಿನಲ್ಲಿ ಮುಳುಗಿಸಿ, ಅದು ನಿಧಾನವಾಗಿ ತಳ ಸೇರುವ ತನಕ ಕೆಳಗೆ ಸೀಸದ ತುಂಡು ಕಟ್ಟುತ್ತಾ ಹೋದೆ. ಸಮುದ್ರದ ನೀರು ಸಿಹಿನೀರಿಗಿಂತ ಶೇಕಡಾ 2.5ರಷ್ಟು ಭಾರ, ಆದ್ದರಿಂದ 4 ಲೀಟರ್ ಗಾತ್ರದ ಡಬ್ಬಕ್ಕೆ 100 ಗ್ರಾಂ ಮತ್ತೂ ಸೇರಿಸಬೇಕು. ಹೊಸ ಹೌಸಿಂಗ್ ಆದರೆ ಮೊದಲ ಸಲ ಕ್ಯಾಮೆರಾ ಇಲ್ಲದೆ ಖಾಲಿ ಡಬ್ಬವನ್ನೇ ಕೆಳಗೆ ಒಯ್ಯಿರಿ, ಒಳಗೆ ಒಂದು ಟಿಶ್ಯೂ ಕಾಗದ ಮತ್ತು ಭಾರಕ್ಕೆ ಏನಾದರೂ ಇಟ್ಟು. ಕಾಗದ ಒಣಗಿಯೇ ಬಂದರೆ ಕ್ಯಾಮೆರಾ ಹಾಕಿ.

ಇಷ್ಟೆಲ್ಲ ಆದ ಮೇಲೂ, ಡೈವಿಂಗ್ ಬರದವರ ಕೈಯಲ್ಲಿ ಕ್ಯಾಮೆರಾ ಇರಬಾರದು ಅನ್ನುವವನು ನಾನು. ಓಪನ್ ವಾಟರ್ ಅನ್ನುವ ಸ್ಕೂಬಾದ ಮೊದಲ ಹಂತದ ಕೋರ್ಸ್ ಮುಗಿಸಿದವರಿಗೆ 18 ಮೀಟರ್ ತನಕ ಹೋಗಲು ಬಿಡುತ್ತಾರೆ ನಿಜ, ಆದರೆ ಸರ್ಟಿಫಿಕೇಟ್ ಬಂದ ಮರುದಿನ ತೇಲುವಿಕೆ ಹತೋಟಿಗೆ ಬಂದಿರುವುದಿಲ್ಲ. ವ್ಯೂಫೈಂಡರಿನಲ್ಲಿ ಕಣ್ಣು ನೆಟ್ಟವರಿಗೆ ತಾವು ಮೇಲೇರುತ್ತಿರುವುದೂ ಗೊತ್ತಾಗುವುದಿಲ್ಲ, ಕಾಲಿನ ಫಿನ್ ಹವಳಕ್ಕೆ ಒದೆಯುತ್ತಿರುವುದೂ ಗೊತ್ತಾಗುವುದಿಲ್ಲ. ಚಿತ್ರ ಅಲುಗಾಡಬಾರದು ಅಂತ ಉಸಿರು ಬಿಗಿಹಿಡಿಯುವುದಂತೂ ಜೀವಕ್ಕೇ ಅಪಾಯ. ಉಸಿರು ಹಿಡಿದು ಸ್ವಲ್ಪ ಮೇಲೆ ಬಂದರೂ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ನಿಧಾನವಾಗಿ ಉಸಿರಾಡುತ್ತಲೇ ಸ್ಥಿರವಾಗಿ ನಿಲ್ಲಲು ಬಂದ ಮೇಲೆ ಕ್ಯಾಮೆರಾ ಹಿಡಿಯಿರಿ.

ನೇತ್ರಾಣಿಯ ಬಂಡೆ ಸಂದಿಗಳಲ್ಲಿ ಮೊರೇ ಈಲ್ ಅನ್ನುವ ಹಾವಿನಂಥ ಮೀನುಗಳಿವೆ. ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಮಾಡೆಲ್ ಸಿಗುವುದಿಲ್ಲ, ಓಡಿಹೋಗುವುದಿಲ್ಲ ನೋಡಿ. ಸಂದಿಯಿಂದ ತಲೆಯಷ್ಟೇ ಹೊರಗೆ, ಬಾಯಿ ತೆರೆದು ಮುಚ್ಚುತ್ತಾ ಇರುತ್ತದೆ. ಹೆದರಿಸಲು ಅಲ್ಲ, ಅದು ಉಸಿರಾಡುವ ರೀತಿಯೇ ಹಾಗೆ. ನಾನು ಅದರ ಕಣ್ಣಿನ ಮಟ್ಟಕ್ಕೆ ಇಳಿದು, ತೋಳಷ್ಟು ದೂರದಲ್ಲಿ ನಿಂತು, ಝೂಮ್ ಮುಟ್ಟದೆ ರೆಕಾರ್ಡ್ ಒತ್ತಿ ಮನಸ್ಸಿನಲ್ಲಿ ಹತ್ತು ಎಣಿಸುತ್ತೇನೆ. ಮೊದಲು ತಲೆ ಒಳಗೆಳೆದುಕೊಳ್ಳುತ್ತದೆ, ಸುಮ್ನೆ ಇದ್ದರೆ ಮತ್ತೆ ಹೊರಗೆ ಬರುತ್ತದೆ, ಆಮೇಲಿನದ್ದೇ ಒಳ್ಳೆಯ ಶಾಟ್. ಬಟರ್‌ಫ್ಲೈ ಮೀನು, ಟ್ರಿಗರ್ ಮೀನುಗಳನ್ನು ಬೆನ್ನಟ್ಟಿದರೆ ಸಿಗುವುದು ಬರೀ ಬಾಲ. ಅವು ಸುತ್ತು ಹಾಕುವ ದಾರಿಯಲ್ಲಿ ಮೊದಲೇ ಹೋಗಿ ಕಾಯಿರಿ. ಕ್ಯಾಮೆರಾ ಆಚೀಚೆ ತಿರುಗಿಸುವುದು ಬೇಡ, ಮೀನೇ ಫ್ರೇಮಿನೊಳಗೆ ಬಂದು ಹೋಗಲಿ. ತೇಲುವ ಕಣಗಳ ಮೇಲೆ ಆಟೊಫೋಕಸ್ ಎಗರಾಡುತ್ತಿದ್ದರೆ ಇನ್ನೂ ಹತ್ತಿರ ಹೋಗಿ. ಟಾರ್ಚ್ ಇದ್ದರೆ ಲೆನ್ಸಿನ ಪಕ್ಕದಲ್ಲೇ ಕಟ್ಟದೆ ಬದಿಗೆ ಚಾಚಿ ಹಿಡಿಯಿರಿ, ಇಲ್ಲವಾದರೆ ಆ ಕಣಗಳೆಲ್ಲ ದೀಪಕ್ಕೆ ಮುತ್ತುವ ಮಳೆಹುಳದ ಹಾಗೆ ಹೊಳೆಯುತ್ತವೆ.

ವಾಪಸ್ ಬಂದ ಮೇಲೆ ಡಬ್ಬವನ್ನು ತೆರೆಯದೆ ಅರ್ಧ ಗಂಟೆ ಸಿಹಿನೀರಿನ ಬಕೆಟ್ಟಿನಲ್ಲಿ ನೆನೆಸಿ, ಎಲ್ಲ ಬಟನ್‌ಗಳನ್ನೂ ಒತ್ತಿ ಒತ್ತಿ ಬಿಡುತ್ತೇನೆ, ಸಂದಿಯ ಉಪ್ಪು ಕರಗಬೇಕು. ಮೊದಲು ತಲೆ, ಕೈ ಒರೆಸಿಕೊಂಡು, ಆಮೇಲೆ ಡಬ್ಬ ಒರೆಸಿ, ಬಾಗಿಲು ಕೆಳಮುಖವಾಗಿರುವ ಹಾಗೆ ಹಿಡಿದು ತೆರೆದರೆ ಅಂಚಿನ ಹನಿ ಕ್ಯಾಮೆರಾ ಮೇಲೆ ಬೀಳುವುದಿಲ್ಲ. ಫೈಲ್‌ಗಳನ್ನು ಅದೇ ರಾತ್ರಿ ಲ್ಯಾಪ್‌ಟಾಪಿಗೆ ಹಾಕುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ಅಲೆಗಳಿಂದ ನೇತ್ರಾಣಿಯಲ್ಲಿ ಡೈವಿಂಗ್ ಇರುವುದಿಲ್ಲ. ಆ ತಿಂಗಳುಗಳಲ್ಲಿ ರಿಂಗನ್ನು ಹೌಸಿಂಗಿನಿಂದ ಬಿಚ್ಚಿ ಜಿಪ್ ಕವರಿನಲ್ಲಿ ಇಡಿ, ಕ್ಲಿಪ್ ಬಿಗಿದೇ ಇಟ್ಟರೆ ಅದು ಚಪ್ಪಟೆಯಾಗುತ್ತದೆ. ಸೀಸನ್ ಶುರುವಿಗೆ ಹೊಸ ರಿಂಗ್ ಹಾಕುವುದು ಇನ್ನೂ ಒಳ್ಳೆಯದು. ಹಳೆಯ ಮಾಡೆಲ್‌ನ ರಿಂಗ್ ಸಿಗುವುದು ಕಷ್ಟ, ಸಿಕ್ಕಾಗಲೇ ಎರಡು ಮೂರು ತೆಗೆದಿಟ್ಟುಕೊಳ್ಳಿ.