ಮಳೆಗಾಲದ ಮುಂಚೆ ಅಗೆದ ಇಳಿಜಾರು: ಮಣ್ಣು ತಡೆದ ನನ್ನ ಅನುಭವ

ಸಕಲೇಶಪುರದ ಸಮೀಪ ಇಳಿಜಾರಿನ ನಿವೇಶನವೊಂದರಲ್ಲಿ ಮನೆ ಕಟ್ಟಿಸುವ ಹೊಣೆ ಹೊತ್ತಾಗ, ಮಣ್ಣಿನ ಸವಕಳಿ ತಡೆಯುವ ಕುರಿತು ನನಗಿದ್ದ ತಿಳಿವಳಿಕೆಯೆಲ್ಲ ದೊಡ್ಡ ಕಟ್ಟಡಗಳ ಕೆಲಸದಿಂದ ಬಂದದ್ದು. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯಂತೆ 20,000 ಚದರ ಮೀಟರ್ ಮತ್ತು ಅದಕ್ಕೂ ಮೇಲ್ಪಟ್ಟ ನಿರ್ಮಾಣಗಳಿಗೆ ಪರಿಸರ ಅನುಮತಿ ಬೇಕು. 20 ಸೆಂಟಿಮೀಟರ್ ಆಳದ ಮೇಲ್ಮಣ್ಣನ್ನು ಪ್ರತ್ಯೇಕವಾಗಿ ರಾಶಿ ಹಾಕಿಟ್ಟು, ಗಿಡ ನೆಡುವಾಗ ಮರಳಿ ಬಳಸಬೇಕೆಂಬುದು ಆ ಅನುಮತಿಯ ಷರತ್ತುಗಳಲ್ಲೊಂದು. ನಮ್ಮ ಮನೆ ಆ ಮಿತಿಯ ಹತ್ತಿರಕ್ಕೂ ಬರುವಂಥದ್ದಲ್ಲ. ಆದರೆ ನಿವೇಶನದ ಕೆಳಗೇ ನೆರೆಯವರ ಭತ್ತದ ಗದ್ದೆಯಿತ್ತು.

ಕೆಳ ಅಂಚಿನಲ್ಲಿ ಹರಿದುಬರುವ ಮಣ್ಣನ್ನು ಹಿಡಿದಿಡಲು ಗೂಟ ನೆಟ್ಟು ಬಟ್ಟೆಯ ತಡೆ ಕಟ್ಟಿಸಿದೆನಾದರೂ ಅದರ ಬುಡವನ್ನು ಮಣ್ಣಿನಲ್ಲಿ ಹೂಳಿಸಲಿಲ್ಲ. ಮೊದಲ ಬಿರುಸಿನ ಮಳೆಗೇ ನೀರು ಅಡಿಯಿಂದ ನುಸುಳಿ ಕೆಂಪು ಹೂಳನ್ನು ಗದ್ದೆಗೆ ತಂದು ಸುರಿಯಿತು. "ಸಸಿಮಡಿ ಹೋಯ್ತಲ್ಲ ಸಾರ್" ಎಂದಷ್ಟೇ ಅಂದ ಆ ಹಿರಿಯರು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮರುದಿನವೇ ಸಮಪಾತಳಿಯ ಗೆರೆ, ಅಂದರೆ ಇಳಿಜಾರಿನಲ್ಲಿ ಒಂದೇ ಎತ್ತರದಲ್ಲಿ ಸಾಗುವ ಗೆರೆ ಹಿಡಿದು 15 ಸೆಂಟಿಮೀಟರ್ ಆಳದ ಕಾಲುವೆ ತೋಡಿಸಿ, ಬಟ್ಟೆಯ ಬುಡವನ್ನು ಅದರೊಳಗೆ ಮಡಚಿ ಮಣ್ಣು ತುಂಬಿ ದಮ್ಮಸ್ಸು ಮಾಡಿಸಿದೆ. ಗೂಟಗಳನ್ನು ಇಳಿಜಾರಿನ ಕೆಳಬದಿಗೆ ಬದಲಾಯಿಸಿ, ನೀರು ಬದಿಯಿಂದ ಜಾರಿಹೋಗದಂತೆ ಎರಡೂ ತುದಿಗಳನ್ನು ಮೇಲ್ಮುಖವಾಗಿ ಬಾಗಿಸಿದೆವು.

ಆದರೂ ತಡೆಯನ್ನೇ ಪೂರ್ತಿ ನಂಬುವುದು ತಪ್ಪು ಎಂಬುದು ನನ್ನ ಅಭಿಪ್ರಾಯ. ತಡೆಯ ಹಿಂದೆ ನಿಂತ ನೀರಿನಲ್ಲಿ ಮರಳು ಬೇಗ ತಳ ಸೇರುತ್ತದೆ. 2 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗ) ಗಾತ್ರದ ಜೇಡಿಯ ಕಣವಾದರೋ ನಿಶ್ಚಲವಾದ ನೀರಿನಲ್ಲಿ 1 ಮೀಟರ್ ಇಳಿಯಲು ಸುಮಾರು ಮೂರು ದಿನ ತೆಗೆದುಕೊಳ್ಳುತ್ತದೆ, ಮಲೆನಾಡಿನ ಮಳೆ ಅಷ್ಟು ದಿನ ಬಿಡುವು ಕೊಡುವುದುಂಟೇ? ಹಾಗಾಗಿ ಮಣ್ಣು ಏಳದಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸವಾಯಿತು. ಮೇಲಿನಿಂದ ಬರುವ ನೀರು ಅಗೆದ ಜಾಗವನ್ನು ಮುಟ್ಟುವ ಮೊದಲೇ ಬದಿಯ ಹಳ್ಳಕ್ಕೆ ತಿರುಗುವಂತೆ ಮೇಲಂಚಿನಲ್ಲಿ ಕಾಲುವೆ ತೆಗೆಸಿ, ಅದರ ತಳಕ್ಕೆ ಕಲ್ಲು ಹಾಸಿಸಿದೆ. ಜೆಸಿಬಿಯವರು ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸುವ ಆತುರದಲ್ಲಿದ್ದರು. ಬಾಡಿಗೆ ಹೆಚ್ಚಾದರೂ ಸರಿಯೆಂದು, ಒಂದು ಮಟ್ಟದ ಅಡಿಪಾಯ ಮುಗಿಯದೆ ಮುಂದಿನ ಮಟ್ಟಕ್ಕೆ ಕೈಹಾಕಲು ನಾನು ಬಿಡಲಿಲ್ಲ. ಬಯಲಾಗಿ ಉಳಿದ ಮಣ್ಣಿನ ಮೇಲೆ ಭತ್ತದ ಹುಲ್ಲನ್ನು ದಟ್ಟವಾಗಿ ಹರಡಿ, ಗಾಳಿಗೆ ಹಾರದಂತೆ ಹುರಿಯಿಂದ ಬಿಗಿಸಿದೆವು. ಮಳೆಹನಿಯ ಪೆಟ್ಟು ಹುಲ್ಲಿಗೇ ಬೀಳುವುದರಿಂದ ಇದರ ಫಲ ಬಟ್ಟೆಗಿಂತಲೂ ಹೆಚ್ಚೆನಿಸಿತು.

ಪ್ರತಿ ದೊಡ್ಡ ಮಳೆಯ ಮರುದಿನ ಬೆಳಿಗ್ಗೆ ಮೇಸ್ತ್ರಿಯವರೊಡನೆ ಸುತ್ತುಹಾಕಿ, ಹೂಳು ತಡೆಯ ಎತ್ತರದ ಮೂರನೇ ಒಂದು ಭಾಗಕ್ಕೇರಿದಲ್ಲೆಲ್ಲ ಅದನ್ನು ತೆಗೆಸಿದೆವು. ಗದ್ದೆಗೆ ಹೊಸ ಸಸಿಯನ್ನು ನಮ್ಮ ಖರ್ಚಿನಲ್ಲಿಯೇ ಕೊಡಿಸಿದೆವು.