ಬೈಕಿನ ಹಿಂದಿನ ಟೈರ್ ಹರಿಯುವುದು ನಿಂತದ್ದು ಹೀಗೆ

ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕ್‌ನಲ್ಲಿ ನಮ್ಮ ಲೀಟರ್ (1000 ಸಿಸಿ) ಬೈಕಿನ ಹಿಂದಿನ ಸ್ಲಿಕ್, ಅಂದರೆ ಗೀರುಗಳಿಲ್ಲದ ರೇಸ್ ಟೈರ್, ನಾಲ್ಕನೇ ಲ್ಯಾಪಿಗೇ ಅಂಚಿನಲ್ಲಿ ಹರಿದು ಕೈಕೊಡುತ್ತಿತ್ತು. ತಂಡಗಳು ಬೀಡುಬಿಡುವ ಪ್ಯಾಡಾಕ್‌ನಲ್ಲಿ ಎಲ್ಲರದೂ ಒಂದೇ ಮಾತು: ಗಟ್ಟಿ ಕಾಂಪೌಂಡ್ (ರಬ್ಬರ್ ಮಿಶ್ರಣ) ಹಾಕಿ, ಇಲ್ಲವೇ ಪ್ರೆಶರ್ ಏರಿಸಿ. ಎರಡನ್ನೂ ಮಾಡಿ ಐದಾರು ಜೋಡಿ ಹಾಳುಮಾಡಿದೆವು, ಜೋಡಿಗೆ 40,000 ರೂಪಾಯಿ ಆಸುಪಾಸು. ನಮ್ಮ ಪಿರೆಲಿ ಎಸ್‌ಸಿ1 ತೆಗೆದು ಅದಕ್ಕಿಂತ ಗಟ್ಟಿ ಕಾಂಪೌಂಡಿನ ಎಸ್‌ಸಿ2 ಹಾಕಿದಾಗ ಹರಿಯುವುದು ಕಡಿಮೆಯಾಯಿತು, ಹಿಡಿತವೂ ಹೋಯಿತು. 30 ಪಿಎಸ್‌ಐಗೆ ಏರಿಸಿದಾಗ ನೆಲ ಮುಟ್ಟುವ ಜಾಗ ಕಿರಿದಾಗಿ, ಥ್ರಾಟಲ್ ತೆರೆದೊಡನೆ ಚಕ್ರ ಜಾರಿ ಇನ್ನಷ್ಟು ಕಾದಿತು.

ಮೊದಲು ಸಿಕ್ಕಿಬಿದ್ದದ್ದು ಜನರೇಟರ್. 1 ಕೆವಿಎ ಜನರೇಟರಿಗೆ 20 ಮೀಟರ್ ತೆಳು ವೈರು, ಅದಕ್ಕೆ ಎರಡೂ ವಾರ್ಮರ್ (ಓಡುವ ಮೊದಲು ಟೈರ್ ಕಾಯಿಸುವ ವಿದ್ಯುತ್ ಕಂಬಳಿ). ದೀಪ ಉರಿಯುತ್ತದೆ, ಟೈರ್ ಮುಟ್ಟಿದರೆ ಬಿಸಿ. ಆದರೆ ವೋಲ್ಟೇಜ್ ಬಿದ್ದು ಒಳಪದರ ಕಾಯುವುದೇ ಇಲ್ಲ. ವಾರ್ಮರ್ ಸರಿಸಿ ರಿಮ್ ಮೇಲೆ ಅಂಗೈ ಇಡಿ. ಹೆಚ್ಚು ಹೊತ್ತು ಇಡಲಾಗಬಾರದು. ಬೆಚ್ಚಗಷ್ಟೇ ಇದ್ದರೆ ಬೈಕ್ ಹೊರಗೆ ಬಿಡಬೇಡಿ. ಈಗ 2.5 ಚದರ ಮಿ.ಮೀ. ಕೇಬಲ್, 2 ಕೆವಿಎ ಜನರೇಟರ್, 80 ಡಿಗ್ರಿಯಲ್ಲಿ ಪೂರ್ತಿ ಒಂದು ಗಂಟೆ.

ತಣ್ಣನೆಯ ಟೈರಿಗೆ ಗಾಳಿ ಅಳೆಯುವುದನ್ನೇ ಬಿಟ್ಟೆವು. ಬೆಳಿಗ್ಗೆ 7ಕ್ಕೆ ಹಾಕಿದ್ದು ಮಧ್ಯಾಹ್ನದ ರೇಸಿಗೆ ಬೇರೆಯೇ ಲೆಕ್ಕ. ವಾರ್ಮರ್‌ನಲ್ಲಿ ಕಾದ ಮೇಲೆ ಹಿಂದೆ 23 ಪಿಎಸ್‌ಐ, ಮುಂದೆ 32. ಪಿಟ್‌ಗೆ ಬಂದ ಒಂದು ನಿಮಿಷದೊಳಗೆ ಮತ್ತೆ ಗೇಜ್. ಹಿಂದಿನದು 25 ದಾಟಿದ್ದರೆ ಮುಂದಿನ ಸಲ ಅಷ್ಟು ಕಡಿಮೆ. 23 ಎಂದರೆ ಟೈರ್ ಕುಸಿಯುತ್ತದೆ ಎಂದು ವಾದಿಸಿದವರೇ ಜಾಸ್ತಿ. ನಾವು ಬಿಡಲಿಲ್ಲ.

ಹರಿದ ಜಾಗವನ್ನು ಬೆರಳಲ್ಲಿ ಓದಬೇಕು. ರಬ್ಬರ್ ಸುರುಳಿ ಸುತ್ತಿ ನೀಲಿ ಹೊಳಪು ಬಂದಿದ್ದರೆ ಬಿಸಿ ಮಿತಿ ಮೀರಿದೆ. ತುಂಡುತುಂಡಾಗಿ ಆಳಕ್ಕೆ ಕಿತ್ತಿದ್ದರೆ ಒಳಗೆ ಕಾದಿಲ್ಲ. ನಮ್ಮ ಟೈರಲ್ಲಿ ಎರಡೂ ಇದ್ದವು, ಅದೇ ದಾರಿ ತಪ್ಪಿಸಿದ್ದು. ಜನರೇಟರ್ ಬದಲಿಸಿದ ಮೇಲೆ ಸುರುಳಿ ಮಾತ್ರ ಉಳಿಯಿತು. ಅದಕ್ಕೆ ಕಾರಣ ಹಿಂದಿನ ಶಾಕ್‌ನ ರಿಬೌಂಡ್, ಅಂದರೆ ಅದುಮಿದ ಶಾಕ್ ಮತ್ತೆ ಚಾಚುವ ವೇಗವನ್ನು ಹಿಡಿದಿಡುವ ಹೊಂದಾಣಿಕೆ. ಬಿಗಿ ಜಾಸ್ತಿಯಾಗಿ, ಒಂದು ಉಬ್ಬಿನಿಂದ ಶಾಕ್ ಹಿಂದಿರುಗುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಸ್ಪ್ರಿಂಗ್ ಮಾಡಬೇಕಾದ ಕೆಲಸ ಟೈರಿನ ಪಾಲಾಗುತ್ತಿತ್ತು. ಪೂರ್ತಿ ಬಿಗಿಯಿಂದ 8 ಕ್ಲಿಕ್ ಇದ್ದದ್ದನ್ನು 13ಕ್ಕೆ ಬಿಟ್ಟೆವು, ಸವಾರ ಕೂತಾಗಿನ ಸ್ಯಾಗ್ (ಶಾಕ್ ಕಡೆ ಬೈಕ್ ತಗ್ಗುವಷ್ಟು) 28 ಮಿ.ಮೀ. ಮುಂದಿನ ಫೋರ್ಕ್‌ನ ಕ್ಲಿಕ್ ಲೆಕ್ಕ ನಮ್ಮಲ್ಲೇ ಇರಲಿ.

ಟೈರ್ ಬದಲಿಸದೆ ಬೈಕನ್ನೇ ತಿದ್ದುವ ಈ ಹಟಕ್ಕೆ ಧೈರ್ಯ ಕೊಟ್ಟದ್ದು ಟೆನ್ ಕಾಟೆ ಎಂಬ ರೇಸ್ ತಂಡ. ಸೂಪರ್‌ಬೈಕ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2004ರಲ್ಲಿ ಎಲ್ಲರಿಗೂ ಪಿರೆಲಿ ಟೈರೇ ಎಂದಾಯಿತು. ನೆದರ್‌ಲ್ಯಾಂಡ್ಸ್‌ನ ಹೋಂಡಾ ಡೀಲರೊಬ್ಬರ ವರ್ಕ್‌ಶಾಪಿನಿಂದ ಬೆಳೆದ ಈ ತಂಡ 2007ರಲ್ಲಿ ಜೇಮ್ಸ್ ಟೋಸ್‌ಲ್ಯಾಂಡ್ ಜತೆ ಸೂಪರ್‌ಬೈಕ್, ಕೆನಾನ್ ಸೋಫುವೋಲು ಜತೆ ಸೂಪರ್‌ಸ್ಪೋರ್ಟ್ (600 ಸಿಸಿ ವರ್ಗ), ಎರಡೂ ವಿಶ್ವ ಪ್ರಶಸ್ತಿಗಳನ್ನು ಗೆದ್ದಿತು. ಎದುರಿಗೆ ಡುಕಾಟಿ, ಯಮಹಾದ ಫ್ಯಾಕ್ಟರಿ ತಂಡಗಳಿದ್ದವು. ಟೈರ್ ಎಲ್ಲರಿಗೂ ಒಂದೇ ಆದ ಮೇಲೆ ಅದನ್ನು ದುಡಿಸಿಕೊಳ್ಳಬಲ್ಲ ಮೆಕ್ಯಾನಿಕ್‌ನ ಕೈ ಮೇಲಾಯಿತು.

ನಡುವೆ ನೈಟ್ರೋಜನ್ ಕೂಡ ತುಂಬಿ ನೋಡಿದೆವು. ಕಂಪ್ರೆಸರಿಗೆ ನೀರು ಹಿಡಿಯುವ ಟ್ರ್ಯಾಪ್ ಹಾಕಿದರೆ ಗೇಜಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಿಲಿಂಡರ್ ಬಾಡಿಗೆ ದಂಡ. ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) 39ರಿಂದ 41 ಹಲ್ಲಿಗೆ ಹೋದಾಗ ಆಕ್ಸಲ್ ಮುಂದೆ ಸರಿದು ಬೈಕಿನ ನಡತೆಯೇ ಬದಲಾಯಿತು. ಚೈನಿಗೆ ಎರಡು ಲಿಂಕ್ ಸೇರಿಸಿದ ಮೇಲೆ ಆಕ್ಸಲ್ ಹಳೆಯ ಜಾಗಕ್ಕಿಂತ ತುಸು ಹಿಂದಕ್ಕೇ ಹೋಯಿತು.

ಈಗ ಅದೇ ಎಸ್‌ಸಿ1 ಹತ್ತು ಲ್ಯಾಪ್ ನಿಲ್ಲುತ್ತದೆ. ಕೊನೆಯ ಲ್ಯಾಪ್ ಮೊದಲಿನದಕ್ಕಿಂತ ಮುಕ್ಕಾಲು ಸೆಕೆಂಡ್ ನಿಧಾನ, ಅಷ್ಟೇ.